ಪೂರ್ಣ ಹಾಜರಿಯ ಪದಕ

ಸೋದರ ಸಂಘದ ಸಭೆಗೆ ಜನ ಬರುವುದು ನಿಂತ ಮೇಲೆ ಕಾರ್ಯದರ್ಶಿ ಮಾನ ಉಳಿಸಿಕೊಳ್ಳಲು ಖಾಲಿ ಕುರ್ಚಿಗಳಿಗೂ ಹಾಜರಿ ಹಾಕತೊಡಗಿದ್ದ. ಸಂಘದ ಕೆಲಸವೋ, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ವಿಚಾರಿಸಿಕೊಳ್ಳುವುದು! ವರ್ಷದ ಕೊನೆಗೆ ಪುಸ್ತಕದಲ್ಲಿ ಎಲ್ಲರ ಹಾಜರಿಯೂ ಪೂರ್ಣವಾಗಿದ್ದರಿಂದ, ಪೂರ್ಣ ಹಾಜರಿಯ ಪದಕ ಎಲ್ಲರಿಗಿಂತ ಹಳೆಯ ಸದಸ್ಯನಾದ ಬಡಗಿಯಣ್ಣನ ಪಾಲಿಗೆ ಬಂತು. ಸಮಾರಂಭಕ್ಕೂ ಆಸಾಮಿ ಪತ್ತೆಯಿಲ್ಲ. 'ಬರೋಕೇನು ಧಾಡಿ ಇವನಿಗೆ' ಎಂದು ಗೊಣಗುತ್ತಾ ಕಾರ್ಯದರ್ಶಿಯೇ ಪದಕ ಹಿಡಿದು ಅವನ ಮನೆಗೆ ಹೋದ.

ಬಾಗಿಲು ತೆರೆದ ಹೆಂಡತಿ ಒಳಕೋಣೆ ತೋರಿಸಿದಳು. ಸೊಂಟದ ಮೂಳೆ ಮುರಿದು ಎಂಟು ತಿಂಗಳಿಂದ ಮಲಗಿದಲ್ಲೇ ಇದ್ದ ಬಡಗಿ, ಪದಕದ ಮೇಲಿನ ಅಕ್ಷರಗಳನ್ನು ಎರಡು ಸಲ ಓದಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಕಾರ್ಯದರ್ಶಿಗೆ.

"ಕೂತ್ಕೊಳ್ಳಪ್ಪಾ," ಎಂದ ಬಡಗಿ. "ನಿಮ್ಮಲ್ಲಿ ಒಬ್ರಾದ್ರೂ ಬರ್ತೀರಿ ಅಂತ ಆ ಕುರ್ಚೀನ ಇವಳು ದಿನಾ ಒರೆಸಿಡ್ತಾಳೆ."