ಪುಟ ಪುಟಕ್ಕೂ ಮದುಮಗ ವಾಲುಸಿಂಬಿ

“ಶಾಲೇನ ಎಂಟನೇ ಕ್ಲಾಸಿಗೇ ಕತ್ತರಿಸಿ ಬಂದವನ ಕೈಗೆ ಚಿತ್ರ ಕತ್ತರಿಸೋ ಕೆಲಸ ಕೊಟ್ರೆ ಇನ್ನೇನಾಗತ್ತೆ? ಬೇಕಾದ್ದೇ ಹೊರಗೆ ಹೋಗಿರತ್ತೆ.”

ನಮ್ಮ ಮ್ಯಾನೇಜರ್ ವಾಲುಸಿಂಬಿ ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ನಾನು ತೆಗೆದ ಸ್ಕ್ರೀನ್‌ಶಾಟನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆಳೆತ್ತರಕ್ಕೆ ಬಿಟ್ಟು, ಇಡೀ ಆಫೀಸನ್ನು ಕೂರಿಸಿಕೊಂಡು ಹೇಳಿದ. ಅದರಲ್ಲಿ ‘ಉಳಿಸಿ’ ಎಂಬ ಬಟನ್ ಅರ್ಧ ತುಂಡಾಗಿತ್ತು, ನಿಜ. ಅದಕ್ಕೆ ನನ್ನ ಶಾಲೆಯನ್ನು ಯಾಕೆ ಎಳೆದು ತರಬೇಕು? ಎಲ್ಲರೂ ನಕ್ಕರು. ಪಕ್ಕದ ಕುರ್ಚಿಯ ಹುಡುಗಿ ನಬಿರ್ಯೆ ಕೂಡ, ಬಾಯಿಗೆ ಕೈ ಅಡ್ಡ ಹಿಡಿದು.

ನಮ್ಮದು ಮದುವೆಗೆ ಮೊದಲು ಹೆಣ್ಣಿನ ಮನೆಯಲ್ಲಿ ನಡೆಯುವ ಶಾಸ್ತ್ರಕ್ಕೆ ಶಾಮಿಯಾನ, ಕುರ್ಚಿ, ಪಾತ್ರೆ ಗೊತ್ತುಮಾಡುವ ಆ್ಯಪ್. ಮಾಡಿಸಿದವರು ಹಜ್ ಯಾತ್ರೆ ಮುಗಿಸಿ ‘ಹಜ್ಜಾತಿ’ ಎನಿಸಿಕೊಂಡ ಜಮೀಮಾ. ಕಂಪಾಲದಲ್ಲಿ ಎಲ್ಲಿ ಶಾಮಿಯಾನ ಎದ್ದರೂ ಅದರ ಕಂಬಕ್ಕೆ ಅವರ ಹೆಸರು. ಆ್ಯಪ್ ಬಳಸುವುದು ಹೇಗೆ ಎಂಬ ಕೈಪಿಡಿಗೆ ಪರದೆಯ ಚಿತ್ರ ತೆಗೆಯುವುದು, ಅಂಚು ಕತ್ತರಿಸುವುದು, ಒತ್ತಬೇಕಾದಲ್ಲಿ ಕೆಂಪು ಬಾಣ ಹಾಕುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಯಾವನೋ ಪುಣ್ಯಾತ್ಮ ಹಸಿರು ಬಟನ್‌ಗಳನ್ನೆಲ್ಲ ನೀಲಿ ಮಾಡಿದ್ದ. ನನ್ನ ಇಡೀ ತಿಂಗಳ ಚಿತ್ರಗಳು ಒಂದೇ ಏಟಿಗೆ ಹಳತಾದವು. ಹಜ್ಜಾತಿ ಮಧ್ಯಾಹ್ನದ ನಮಾಜು ಮುಗಿಸಿ ಬರುವುದರೊಳಗೆ ಎಲ್ಲವನ್ನೂ ಮತ್ತೆ ತೆಗೆಯಬೇಕು, ಅವರು ಒಪ್ಪದಿದ್ದರೆ ನಾಳೆಯಿಂದ ನಾನು ಬರುವುದು ಬೇಡ ಎಂದ ವಾಲುಸಿಂಬಿ. ಬರದಿದ್ದರೆ ಮತ್ತೆ ವಂಡೆಗೆಯಾ ಪೇಟೆಯ ಫುಟ್‌ಪಾತು, ಬಿಸಿಲು, ಒಡೆದ ಫೋನುಗಳಿಗೆ ಗಾಜು ಕೂರಿಸುವ ಹಳೇ ಕೆಲಸ. ಅಲ್ಲಿ ಫ್ಯಾನಿಲ್ಲ. ನಬಿರ್ಯೆಯೂ ಇಲ್ಲ.

“ಇನ್ನೊಂದು,” ಎಂದ ಹೋಗುತ್ತಾ, “ಮಾದರಿ ಗಿರಾಕಿಗೆ ‘ಟೆಸ್ಟ್ ಟೆಸ್ಟ್’ ಅಂತ ಹಾಕ್ಬೇಡ. ಮನುಷ್ಯರ ಹೆಸರು ಹಾಕು.”

ಹಾಕಿದೆ. ಮದುಮಗ: ವಾಲುಸಿಂಬಿ. ಆ ಹೆಸರು ನೀಲಿ ಬಟನ್ನಿನ ಮೇಲೆ ಕೂತದ್ದೇ ಕೋಪದ ನಡುವೆಯೂ ನನಗೆ ನಗು ಬಂತು. ವಯಸ್ಸು ಎಪ್ಪತ್ತೊಂದು ಎಂದು ಹೊಡೆದೆ. ಮದುಮಗಳ ಜಾಗಕ್ಕೆ ಬಾಯಿಗೆ ಬಂದದ್ದು ನನ್ನ ಮನೆ ಒಡತಿಯ ಹೆಸರು: ನಾಕಿಗೋಜಿ. ಹೆಣ್ಣಿನ ಮನೆಗೆ ತರುವ ಉಡುಗೊರೆ: ಕುಂಟು ಕೋಳಿ, ಒಂದು. ಗಂಡಿನ ಕಡೆಯವರಿಗೆ ಬೇಕಾದ ಕುರ್ಚಿ: ಒಂದು, ಅದೂ ಮುರಿದದ್ದು. ತಪ್ಪು ದಿನಾಂಕ ಹಾಕಿದರೆ ಏನಾಗುತ್ತದೆಂದು ತೋರಿಸುವ ಪುಟದಲ್ಲಿ, ‘ಈ ಮದುಮಗನ ದಿನ ಕಳೆದುಹೋಗಿದೆ’ ಎಂದು ಆ್ಯಪೇ ಹೇಳಿತು. ರದ್ದು ಮಾಡುವ ಪುಟದಲ್ಲಿ, ‘ವಾಲುಸಿಂಬಿಯನ್ನು ಖಂಡಿತ ಅಳಿಸಬೇಕೇ?’ ಎಂದು ಕೇಳಿತು. ‘ಹೌದು’ ಎಂಬುದಕ್ಕೆ ಹೆಬ್ಬೆರಳ ಗಾತ್ರದ ಬಾಣ ಹಾಕಿದೆ. ನಬಿರ್ಯೆ ಬಗ್ಗಿ ನೋಡಿ, ಮೇಜಿಗೆ ಹಣೆ ಒತ್ತಿಕೊಂಡು ಕುಲುಕುಲು ನಕ್ಕಳು. ನೀನು ಸತ್ತೆ ಕಣೋ ಎಂದಳು. ಹಜ್ಜಾತಿ ಬಟನ್ ನೋಡುತ್ತಾರೆ, ಹೆಸರು ಯಾರು ಓದುತ್ತಾರೆ ಎಂದೆ.

ಹಜ್ಜಾತಿ ಓದಿದರು. ಕನ್ನಡಕ ಏರಿಸಿ, ಗೋಡೆಯ ಮೇಲಿನ ಒಂದೊಂದು ಅಕ್ಷರವನ್ನೂ ಓದಿದರು. ಕುಂಟು ಕೋಳಿಗೆ ಅವರ ಭುಜ ಅಲ್ಲಾಡಿತು. ವಾಲುಸಿಂಬಿಯ ಕಿವಿ ಕೆಂಡವಾಗಿ, ಅವನು ನನ್ನತ್ತ ತಿರುಗುವಷ್ಟರಲ್ಲಿ ಹಜ್ಜಾತಿ ಕೈ ಎತ್ತಿ ತಡೆದು ಅವನನ್ನೇ ಕೇಳಿದರು.

“ಮಗಾ, ನೀನು ಪುನುಗು ಬೆಕ್ಕಿನ ಕುಲದವನಲ್ವಾ?”

“ಹೌದು ಹಜ್ಜಾತಿ.”

“ನಾಕಿಗೋಜಿ ಅನ್ನೋದೂ ಅದೇ ಕುಲದ ಹೆಸರು. ಸ್ವಂತ ತಂಗಿನೇ ಕಟ್ಕೊಳ್ತಿದ್ದೀಯಲ್ಲೋ, ಅದೂ ಒಂದು ಕೋಳಿ ಕೊಟ್ಟು.”

ನಾನು ದೂರದ ಉತ್ತರದ ಗುಲು ಊರಿನ ಕಡೆಯವನು. ಕಂಪಾಲದ ಕಡೆಯ ಇವರ ಯಾವ ಹೆಸರು ಯಾವ ಬೆಕ್ಕಿನದು ಎಂದು ನನಗೆ ಹೇಗೆ ಗೊತ್ತಾಗಬೇಕು? ನಾನು ಅವನನ್ನು ಮುದುಕ ಮಾಡಿದ್ದೆ, ಜಿಪುಣ ಮಾಡಿದ್ದೆ. ಇಷ್ಟು ದೂರ ಹೋಗಿದ್ದೇನೆಂದು ನನಗೇ ತಿಳಿದಿರಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ನಬಿರ್ಯೆ ತಡೆದಿಟ್ಟ ನಗು ಸೀಟಿ ಹೊಡೆದಂತೆ ಹೊರಬಿತ್ತು, ಹಿಂದೆಯೇ ಹಜ್ಜಾತಿಯದು. ಅವರು ಕುರ್ಚಿಯಿಂದ ಜಾರಿದರು, ಇಬ್ಬರು ಹಿಡಿದು ಮೇಲೆತ್ತಬೇಕಾಯಿತು. ಮೇಲೆದ್ದವರೇ ಮತ್ತೆ ಕೋಳಿಯ ಪುಟ ಹಾಕಿಸಿದರು.

ಕಣ್ಣೊರೆಸಿಕೊಂಡು ಹಜ್ಜಾತಿ ತೀರ್ಪು ಕೊಟ್ಟರು: ಹೆಣ್ಣಿಗೆ ಬೇರೆ ಕುಲದ ಹೆಸರು ಹಾಕಿ, ಇಲ್ಲದಿದ್ದರೆ ಜನ ನನ್ನ ಶಾಮಿಯಾನಕ್ಕೆ ಬೆಂಕಿ ಇಡುತ್ತಾರೆ. ಮಿಕ್ಕದ್ದು ಹೀಗೇ ಅಚ್ಚಾಗಲಿ. ಕೈಪಿಡಿ ಅಂದರೆ ಎರಡನೇ ಪುಟಕ್ಕೆ ನನಗೆ ನಿದ್ದೆ ಬರುತ್ತಿತ್ತು, ಇದರಲ್ಲಿ ಮದುವೆ ನಡೆಯಿತೋ ಇಲ್ಲವೋ ನೋಡಲು ಕೊನೆಯವರೆಗೆ ಬಂದೆ. ಮುಂದಿನ ಕೈಪಿಡಿಗೂ ಇದೇ ಹುಡುಗ ಚಿತ್ರ ಮಾಡಲಿ.

ನಾನು ಹೊರಗೆ ಬಂದೆ. ವಾಲುಸಿಂಬಿ ಮೊಗಸಾಲೆಯವರೆಗೂ ಬೆನ್ನು ಹತ್ತಿ ಬಂದ. ಅವನ ದನಿಯಲ್ಲಿ ಈಗ ಬೈಗುಳ ಇರಲಿಲ್ಲ, ಸಣ್ಣ ಹೆದರಿಕೆ ಇತ್ತು.

“ಲೋ ಕೊಮಾಕೆಚ್, ನಿಜ ಹೇಳು. ಕುಲ ಗೊತ್ತಿದ್ದೇ ಮಾಡಿದ್ಯಾ?”

ಬಾಗಿಲ ಸಂದಿಯಲ್ಲಿ ನಬಿರ್ಯೆ ಕಣ್ಣರಳಿಸಿಕೊಂಡು ನಿಂತಿದ್ದಳು. ಅವಳಿಗೂ ಅದೇ ಪ್ರಶ್ನೆ. ನಾನು ಅಂಗಿಯ ಕಾಲರು ಸರಿಮಾಡಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾ ಇಳಿದು ಹೋದೆ.