ಕುರಿ ತರುಬಿದ ಹೊಲ

ಸುರಪುರದಿಂದ ಶಹಾಪುರದವರೆಗೂ ಬಸ್ಸಿನ ಕಿಟಕಿಗೆ ಹಣೆ ಹಚ್ಚಿಕೊಂಡು ಸುಕನ್ಯಾ ಆ ದಿನದ ಪಾಠವನ್ನು ಕತೆಯ ಹಾಗೆ ಕಟ್ಟುತ್ತಲೇ ಬಂದಿದ್ದಳು. ಖಾಸಗಿ ಕೃಷಿ ವಿಶ್ವವಿದ್ಯಾಲಯವೊಂದರಲ್ಲಿ ಅವಳು ಅತಿಥಿ ಉಪನ್ಯಾಸಕಿ. ಇವತ್ತು ವಿಭಾಗದ ಮುಖ್ಯಸ್ಥ ಭೀಮಾಶಂಕರ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುವವನಿದ್ದ. ಮುಂದಿನ ವರ್ಷ ಅವಳು ಇರಬೇಕೋ ಬೇಡವೋ ಎಂಬುದು ಅದರ ಮೇಲಿತ್ತು.

“ಪರದೇಶದ ಹುಡುಗ್ರವ್ವ. ಬರೇ ಸ್ಲೈಡ್ ಓದಬ್ಯಾಡ, ಎದಿಗೆ ನಾಟೂವಂಗ ಏನರೆ ಹೋಲಿಕಿ ಕೊಡು,” ಎಂದು ಅವನೇ ಹೇಳಿದ್ದ.

ಹೋಲಿಕೆಗೆ ಅವಳು ದೂರ ಹೋಗಬೇಕಿರಲಿಲ್ಲ. ಕುರಿ ಸಾಕುವ ಮನೆಯವಳು, ಅಜ್ಜಿ ಅಂಬವ್ವನ ಮಗ್ಗುಲಲ್ಲಿ ಕತೆ ಕೇಳುತ್ತ ಬೆಳೆದವಳು. ಹೊಲದಲ್ಲಿ ಕುರಿ ತರುಬುವುದೆಂದರೆ, ರಾತ್ರಿ ಹಿಂಡನ್ನು ಅಲ್ಲಿ ಮಲಗಿಸಿ ಗೊಬ್ಬರ ಮಾಡಿಸುವುದೆಂದರೆ, ಅವಳೂರಲ್ಲಿ ಹಬ್ಬ. ಪಾಠ ಇಂಗ್ಲಿಷಿನಲ್ಲಿತ್ತು, ದನಿ ಮಾತ್ರ ಅಜ್ಜಿಯದು.

“ಮಣ್ಣು ಒಬ್ಬ ಬಡ ಹೆಂಗಸು ಅಂದುಕೊಳ್ಳಿ. ಕತ್ತಲಲ್ಲಿ ಗಂಟೆಯ ಸದ್ದು ಕೇಳುತ್ತದೆ. ಹಿಂಡು ಬಂತು! ಅವಳು ಬಾಗಿಲು ತೆರೆಯುತ್ತಾಳೆ. ಬೆಳಗಾಗುವಷ್ಟರಲ್ಲಿ ಕುರಿಗಾರರು ಅವಳ ಉಡಿ ತುಂಬಿ ಹೋಗಿರುತ್ತಾರೆ.”

ನೇಪಾಳದ ಹುಡುಗರು ನಕ್ಕರು. ಮೊದಲ ಬೆಂಚಿನಲ್ಲಿದ್ದ ನೈಜೀರಿಯಾದ ದೂಶಿಮಾ ನಗಲಿಲ್ಲ, ಎದ್ದು ನಿಂತಳು.

“ನಮ್ಮೂರಲ್ಲೂ ಗಂಟೆ ಕೇಳಿಸಿತ್ತು, ಮ್ಯಾಡಮ್. ಹೊಲಕ್ಕಾಗಿ ಹಳೆಯ ಜಗಳ. ದನಗಾಹಿಗಳು ಕತ್ತಲಲ್ಲೇ ಬಂದರು. ಬೆಳಗಾಗುವಷ್ಟರಲ್ಲಿ ಅಪ್ಪ ಗೆಣಸಿನ ಹೊಲದಲ್ಲಿ ಹೆಣವಾಗಿ ಬಿದ್ದಿದ್ದ.”

ದೂಶಿಮಾ ಪುಸ್ತಕ ಅಲ್ಲೇ ಬಿಟ್ಟು ಅಳುತ್ತ ಹೊರಗೆ ಹೋದಳು. ಇಡೀ ವರ್ಷ ಕಲಿಸಿದರೂ, ನಿಮ್ಮೂರಲ್ಲಿ ಹೊಲ ಹೇಗಿರುತ್ತದೆ ಎಂದು ಸುಕನ್ಯಾ ಆ ಹುಡುಗಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ವರಾಂಡದಲ್ಲಿ ಭೀಮಾಶಂಕರ ಕಾದಿದ್ದ. “ದೇಶ ಬಿಟ್ಟು ಬಂದಾಕಿನ್ನ ಅಳಿಸಿದೆಲ್ಲವ್ವ! ಕುರಿ ಹಿಕ್ಕಿ ಕತಿ ಹೇಳಾಕ ಬಂದೀಯೇನ ಇಲ್ಲಿ?”

“ಹೋಲಿಕಿ ಕೊಡು ಅಂತ ನೀವ ಅಂದಿದ್ರಿ, ಸರ್.”

“ಕ್ರಿಕೆಟ್ಟಿಂದು ಕೊಡಬೇಕಿತ್ತು. ಸಾಕು, ಮುಂದಿನ ವರ್ಷ ಬ್ಯಾರೆ ಕಡಿ ನೋಡ್ಕೊ.”

ಗೇಟಿನ ಬಳಿ ಬೇವಿನ ಗಿಡದ ಕೆಳಗೆ ದೂಶಿಮಾ ಕೂತಿದ್ದಳು. ಸುಕನ್ಯಾ ಹತ್ತಿರ ಹೋದಳು. ಹುಡುಗಿ ತಲೆಯೆತ್ತದೆ, ಬರಬೇಡಿ ಎಂಬಂತೆ ಕೈ ಅಡ್ಡ ಹಿಡಿದಳು.

ಸಂಜೆ ಮನೆಯಲ್ಲಿ ಅಂಬವ್ವ ಕಾಯುತ್ತಿದ್ದಳು. “ಹೇಳಿದೇನ ನನ್ನ ಕತಿ?”

“ಹೇಳಿದ್ನಿ, ಆಯಿ.”

“ಏನಂದ್ರು?”

“ಒಬ್ಬಾಕಿ ಅತ್ಲು.”

ಮುದುಕಿಯ ಮುಖ ಅರಳಿತು. “ಹೌದೇನ! ಅಳು ಬರೂವಂಗ ಹೇಳಿಯಲ್ಲ ನನ್ನ ಕೂಸ! ಬಾ, ಇನ್ನೊಂದು ಹೇಳಿಕೊಡ್ತೀನಿ.”

ಹಿತ್ತಲ ಆಚೆಯ ಹೊಲಕ್ಕೆ ಹಿಂಡೊಂದು ಗಂಟೆ ಆಡಿಸುತ್ತ ಬಂದು ಇಳಿಯುತ್ತಿತ್ತು. ಸುಕನ್ಯಾ ಎದ್ದು ಹೋಗಿ ಕಿಟಕಿ ಮುಚ್ಚಿದಳು.