ಹೊನ್ನವ್ವನ ಮಾತು ಮುಗಿಯುವ ಮುನ್ನ

ಆ ಭಾನುವಾರ ನಂದೀಶ ಲ್ಯಾಪ್‌ಟಾಪ್ ತಂದು ನಡುಮನೆಯ ಟಿವಿಗೆ ಜೋಡಿಸಿದಾಗಲೇ ಸಂಘಮಿತ್ರಳಿಗೆ ಒಳಗೊಳಗೆ ಉರಿಯಿತು. ದೊಡ್ಡಬಳ್ಳಾಪುರದ ಅವಳ ಮನೆಯಲ್ಲಿ ಅವರು ನಾಲ್ವರು ಎರಡು ವರ್ಷದಿಂದ ಕೂತು ಆಡುತ್ತಿದ್ದ ಆಟವದು. ಸಂಘಮಿತ್ರ ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಬೇಕು. ಆಪತ್ತು ಎದುರಾದರೆ ಪಾತ್ರ ಏನು ಮಾಡುತ್ತದೆಂದು ಹೇಳಿ ದಾಳ ಉರುಳಿಸಬೇಕು. ಮಾಕಳಿದುರ್ಗದ ಬೆಟ್ಟ ಹತ್ತಿ ಬಂದ ಮೇಲೆ ಅಲ್ಲಿನ ಮುರುಕು ಗೋಡೆಗಳನ್ನು ನೆನೆದು ಅವಳೇ ಪೆನ್ಸಿಲ್ಲಿನಲ್ಲಿ ಕೋಟೆಯ ನಕ್ಷೆ ಬರೆದಿದ್ದಳು. ಈಗ ಅದು ಬಣ್ಣ ಬಳಿದುಕೊಂಡು ಟಿವಿಯಲ್ಲಿ ಮಿನುಗುತ್ತಿತ್ತು.

"ಅಕ್ಕ, ಇನ್ಮೇಲೆ ದಾಳ, ಲೆಕ್ಕ ಎಲ್ಲಾ ಆ್ಯಪೇ ನೋಡ್ಕೊಳ್ಳುತ್ತೆ. ನೀನು ಆರಾಮಾಗಿ ಕಥೆ ಹೇಳು," ಎಂದ ನಂದೀಶ. ಚಿಕ್ಕಪ್ಪನ ಮಗ, ಅವನ ಹುರುಪು ನೋಡಿ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಗೆಳತಿ ಚಂದನಳದು ಹೊನ್ನವ್ವನೆಂಬ ಮುದಿ ಸೂಲಗಿತ್ತಿಯ ಪಾತ್ರ. ಕೋಟೆ ಬಾಗಿಲಲ್ಲಿ ಕಾವಲುಗಾರ ಈಟಿ ಎತ್ತಿದ. ಚಂದನ ಎದ್ದು ನಿಂತು ಕೈ ಚಾಚಿದಳು.

"ಏನಪ್ಪಾ, ನಿನ್ನ ಹೊಕ್ಕುಳಬಳ್ಳಿ ಕುಯ್ದ ಕೈ ಕಣಪ್ಪಾ ಇದು. ಆವತ್ತು ನಿಮ್ಮವ್ವ..."

ಟಿವಿ ಟಣ್ ಎಂದಿತು. ಕೆಂಪು ಅಕ್ಷರದಲ್ಲಿ ಬಂತು: ಹೊನ್ನವ್ವ ಸತ್ತಳು.

ಚಂದನ ಚಾಚಿದ ಕೈ ಮಡಚಿಕೊಂಡು ಕೂತಳು. "ಮುಗೀತಾ?"

"ಅವಳಿನ್ನೂ ಮಾತೇ ಮುಗಿಸಿಲ್ವಲ್ಲೋ!" ಸಂಘಮಿತ್ರ ನಂದೀಶನತ್ತ ತಿರುಗಿದಳು.

"ರೂಲ್ ಪ್ರಕಾರ ಕಾವಲುಗಾರನ ಸರದಿ ಬಂತಕ್ಕ, ಆ್ಯಪ್ ದಾಳ ಹಾಕ್ತು. ನಾನೇನ್ ಮಾಡ್ಲಿ?"

"ಎರಡು ವರ್ಷ ಹೊನ್ನವ್ವ ಆಗಿ ಬದುಕವ್ಳೆ ಅವಳು. ಕೊಲ್ಲೋದಾದ್ರೆ ಮುಖ ನೋಡಿ ನಾನು ಕೊಲ್ತೀನಿ. ಬೈದ್ರೆ ಬೈಸ್ಕೊಳ್ತೀನಿ. ಈ ಡಬ್ಬ ಯಾರ ಮುಖ ನೋಡ್ತೋ?" ಅವಳು ವೈರನ್ನೇ ಕಿತ್ತಳು. "ಮೊಬೈಲ್ ಎಲ್ಲಾ ಒಳಗಿಡಿ. ಇನ್ನು ಬರೀ ಪೇಪರು, ಪೆನ್ಸಿಲು."

ನಾಲ್ಕನೆಯವನಾದ ಭೀಮರಾಜ್ ಎದ್ದ. ಹೋದ ವರ್ಷ ಮಗ್ಗದ ಬೆಲ್ಟು ಅವನ ಬಲಗೈಯ ಎರಡು ಬೆರಳು ತಿಂದಿತ್ತು.

"ಹಂಗಾದ್ರೆ ನಾನು ಹೋಗ್ತೀನಿ. ಬಾಯಲ್ಲಿ ಹೇಳಿದ್ರೆ ಮೊಬೈಲು ಬರ್ಕೊಳ್ಳುತ್ತೆ. ಈ ಕೈಲಿ ನಾನು ಬರೆಯೋ ಹೊತ್ಗೆ ನಿಮ್ಮಾಟ ಮುಗ್ದೋಗಿರುತ್ತೆ. ಅವನು ಕೇಳ್ದೆ ಕೊಂದ, ನೀನು ಕೇಳ್ದೆ ಆಚೆಗ್ ಹಾಕ್ತಿದೀಯಲ್ಲಕ್ಕ!"

ಅವಳ ಮುಖಕ್ಕೆ ಹೊಡೆದಂತಾಯಿತು. ಅವನೊಬ್ಬನೇ ಅಷ್ಟು ದಿನ ಮೊಬೈಲ್ ಹಿಡಿದು ಕೂರುತ್ತಿದ್ದುದೇಕೆಂದು ಅವಳು ಯೋಚಿಸಿಯೇ ಇರಲಿಲ್ಲ.

"ತಪ್ಪಾಯ್ತು ಕಣೋ, ಕೂತ್ಕೊ. ಬರ್ಕೊಳ್ಳೋದು, ಕೂಡೋದು ಕಳಿಯೋದು ಅದೇ ಮಾಡ್ಲಿ. ಸಾಯೋದು ಬದುಕೋದು ಮಾತ್ರ ಈ ಚಾಪೆ ಮೇಲೇ ತೀರ್ಮಾನ ಆಗ್ಬೇಕು."

"ವಾರವೆಲ್ಲಾ ಕೂತು ಮಾಡಿದ್ದೆ," ಎಂದು ಗೊಣಗುತ್ತಾ ನಂದೀಶ ಲ್ಯಾಪ್‌ಟಾಪ್ ಮಡಚಿ ಹೊರಟ. ಅವಳು ತಡೆಯಲಿಲ್ಲ. ದಾಳವನ್ನು ಚಂದನಳ ಅಂಗೈಯಲ್ಲಿಟ್ಟಳು.

ಚಂದನ ಹೊನ್ನವ್ವನ ಮಾತು ಮುಗಿಸಿ ದಾಳ ಉರುಳಿಸಿದಳು. ಬಿದ್ದದ್ದು ಒಂದು, ಎಲ್ಲಕ್ಕಿಂತ ಕೆಟ್ಟದ್ದು. ಈಟಿ ನಾಟಿತೆಂದು ಸಂಘಮಿತ್ರ ಗೆಳತಿಯ ಮುಖ ನೋಡುತ್ತಲೇ ಹೇಳಬೇಕಾಯಿತು. ಚಂದನಳ ಕಣ್ಣು ತುಂಬಿತು.

"ಬೀಳೋ ಮುಂಚೆ ಬಾಗಿಲಿನ ಅಗಳಿ ತೆಗೀತೀನಿ," ಎಂದಳು. "ಉಳಿದೋರು ಒಳಗ್ ಹೋಗ್ಲಿ."

"ತೆಗಿ," ಎಂದಳು ಸಂಘಮಿತ್ರ.

ಮುಂದಿನ ವಾರ ನಂದೀಶ ಬರಲಿಲ್ಲ. ಆಮೇಲೊಂದು ದಿನ ಫೋನ್ ಮಾಡಿ, "ಹೊನ್ನವ್ವ ಏನಾದ್ಳಕ್ಕ?" ಎಂದು ಕೇಳಿದ.

ಸಂಘಮಿತ್ರಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಬಂದು ಚಂದನಳನ್ನೇ ಕೇಳು," ಎಂದು ಫೋನ್ ಇಟ್ಟಳು.